ಬಾಗಿಲಿಗೆ ಅಂಟಿಸಿದ ನೋಟಿಸು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮನೆ ಸಾಲದ್ದೇ. ಗಡಿ ತಕರಾರು, ಜೀವನಾಂಶ, ಚೆಕ್ ಬೌನ್ಸಿನವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನಲ್ಲಿ ವಕೀಲಿಕೆಗೆ ಕೂತ ಮೇಲೆ ಹನ್ನೊಂದು ವರ್ಷ ನಾನು ಬ್ಯಾಂಕಿನ ಪ್ಯಾನಲ್ ವಕೀಲನಾಗಿದ್ದೆ, ಇಂಥ ನೋಟಿಸುಗಳನ್ನು ಬರೆಯುತ್ತಿದ್ದವನೇ ನಾನು. ಈಗ ಅದೇ ನೋಟಿಸು ಹಿಡಿದು ಬರುವವರ ಪರವಾಗಿ ನಿಲ್ಲುತ್ತೇನೆ. ಹಾಗಾಗಿ ಕೆಲವು ಉತ್ತರ ಕಹಿಯಾಗಿದ್ದರೆ ಬೇಸರ ಬೇಡ.

ಪ್ರಶ್ನೆ: 2017ರಲ್ಲಿ ನಮ್ಮಿಬ್ಬರ ಹೆಸರಿನಲ್ಲಿ 18 ಲಕ್ಷ ಸಾಲ ತೆಗೆದು ಕ್ಯಾತ್ಸಂದ್ರದಲ್ಲಿ ಮನೆ ಕಟ್ಟಿದೆವು. ತಿಂಗಳ ಕಂತು 16,800. ಯಜಮಾನರು ಅಂತರಸನಹಳ್ಳಿಯಲ್ಲಿ ಲೇತ್ ಶೆಡ್ ನಡೆಸುತ್ತಿದ್ದರು. ಅವರಿಗೆ ಕಿಡ್ನಿ ತೊಂದರೆಯಾಗಿ ನಾಲ್ಕು ತಿಂಗಳು ಬೆಂಗಳೂರಿನ ಆಸ್ಪತ್ರೆಗೆ ಅಲೆದೆವು, ಶೆಡ್ಡನ್ನೂ ಬಿಟ್ಟುಕೊಟ್ಟೆವು. ಏಳು ಕಂತು ನಿಂತಿವೆ. ಮೊನ್ನೆ ಮೂರು ಜನ ಬಂದು ಬಾಗಿಲಿಗೆ ಕಾಗದ ಅಂಟಿಸಿ ಫೋಟೊ ಹೊಡೆದುಕೊಂಡು ಹೋದರು. ಮೂರನೇ ದಿನ ಪೇಪರಿನಲ್ಲಿ ನಮ್ಮ ಹೆಸರು ಬಂತು, ಬೀದಿಯವರೆಲ್ಲ ಓದಿದರು. 15 ಲಕ್ಷ 40 ಸಾವಿರ ಬಾಕಿಯಂತೆ. ಇದಕ್ಕೆ ಮೊದಲು ಯಾವ ನೋಟಿಸೂ ನನ್ನ ಕೈಗೆ ಬಂದಿಲ್ಲ. ಇಲ್ಲಿಯ ಸಿವಿಲ್ ಕೋರ್ಟಿನಲ್ಲೇ ಸ್ಟೇ ತರುತ್ತೇನೆ, 40 ಸಾವಿರ ಕೊಡಿ ಎಂದು ಒಬ್ಬರು ಹೇಳುತ್ತಿದ್ದಾರೆ. ಮನೆ ಹೋದ ಹಾಗೆಯೇ?
– ಗೃಹಿಣಿ, ಕ್ಯಾತ್ಸಂದ್ರ

ಉತ್ತರ: ಹೋಗಿಲ್ಲಮ್ಮ. ಆದರೆ ದಿನ ಎಣಿಸಲು ಶುರುವಾಗಿದೆ. ಪತ್ರಿಕೆ ಅಚ್ಚಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ಹೊತ್ತು ಮೀರೀತು ಎಂದು ನಿಮಗೆ ಅಂಚೆಯಲ್ಲಿ ಬೇರೆಯಾಗಿ ಬರೆದಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಿಮ್ಮಂತೆಯೇ ಬಾಗಿಲು ನೋಡಿಕೊಂಡು ಕೂತಿರುವ ಉಳಿದವರಿಗೆ.

ನಿಮ್ಮ ಬಾಗಿಲ ಮೇಲಿರುವುದು ಅಡವಿಟ್ಟ ಆಸ್ತಿಯಿಂದ ಬ್ಯಾಂಕು ಸಾಲ ವಸೂಲು ಮಾಡಿಕೊಳ್ಳಲು ಇರುವ 2002ರ ಸರ್ಫೇಸಿ ಕಾಯ್ದೆಯ 13(4)ನೇ ಕಲಮಿನ ಸ್ವಾಧೀನದ ನೋಟಿಸು. ಕಂತು ನಿಂತು 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಸುಸ್ತಿ ಸಾಲ, ಆಗುತ್ತದೆ. ಆಮೇಲೆ 13(2)ರ ಬೇಡಿಕೆ ನೋಟಿಸು ಕೊಟ್ಟು 60 ದಿನ ಕಾಯಬೇಕು. ಅಷ್ಟರಲ್ಲಿ ನೀವು ಕಟ್ಟದಿದ್ದರೆ ಬ್ಯಾಂಕು ಯಾವ ಕೋರ್ಟಿನ ಮೆಟ್ಟಿಲನ್ನೂ ಹತ್ತದೆ ಸ್ವಾಧೀನಕ್ಕೆ ಕೈ ಹಾಕಬಹುದು. ಈಗ ಆಗಿರುವುದು ಕಾಗದದ ಮೇಲಿನ ಸ್ವಾಧೀನ. ನೀವು ಮನೆಯೊಳಗೇ ಇದ್ದೀರಿ, ಬೀಗ ನಿಮ್ಮದೇ. ಬೀಗ ಹಾಕಿಸಬೇಕಾದರೆ ಸಾಮಾನ್ಯವಾಗಿ ಅವರು 14ನೇ ಕಲಮಿನಡಿ ಜಿಲ್ಲಾಧಿಕಾರಿಗೋ ಮುಖ್ಯ ನ್ಯಾಯಿಕ ದಂಡಾಧಿಕಾರಿಗೋ ಅರ್ಜಿ ಹಾಕಿ, ಆದೇಶ ಪಡೆದು, ಪೊಲೀಸರನ್ನು ಕರೆದುಕೊಂಡು ಬರುತ್ತಾರೆ.

40 ಸಾವಿರವನ್ನು ಸೆರಗಿನಲ್ಲಿ ಗಂಟು ಹಾಕಿಟ್ಟುಕೊಳ್ಳಿ. ಸಾಲಗಾರರು ಈ ವಿಷಯಕ್ಕೆ ಸಿವಿಲ್ ಕೋರ್ಟಿಗೆ ಹೋಗದಂತೆ ಅದೇ ಕಾಯ್ದೆಯ 34ನೇ ಕಲಮು ಬಾಗಿಲು ಹಾಕಿದೆ. ನಾನು ಬ್ಯಾಂಕಿನ ಕಡೆ ಇದ್ದಾಗ ಒಬ್ಬ ನಿವೃತ್ತ ಮೇಷ್ಟ್ರು ಇಲ್ಲೇ ಇಂಜಂಕ್ಷನ್ ದಾವೆ ಹಾಕಿದರು. ನಾನು ಎದ್ದು ನಿಂತು 34 ಎಂದೆ. ಎರಡು ವಾಯಿದೆಯಾಗಿ ದಾವೆ ಬಿತ್ತು. ಅಷ್ಟರಲ್ಲಿ ಸರಿಯಾದ ಜಾಗಕ್ಕೆ ಹೋಗಬೇಕಿದ್ದ ಅವರ ದಿನಗಳೂ ಮುಗಿದಿದ್ದವು. ಕೇಸು ಗೆದ್ದು ಹೊರಗೆ ಬಂದರೆ ಮೇಷ್ಟ್ರು ಹೊಂಗೆ ಮರದ ಕೆಳಗೆ ಚಪ್ಪಲಿ ಬಿಟ್ಟು ಕೂತಿದ್ದರು. ಆ ದಿನದ ಫೀಸು ನನಗೆ ಇವತ್ತಿಗೂ ಹಿತವಾಗಿಲ್ಲ.

ಸರಿಯಾದ ಜಾಗವೆಂದರೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ, ಜನ ಡಿಆರ್‌ಟಿ ಎನ್ನುತ್ತಾರೆ. ಹೆಸರಿನಲ್ಲಿ ‘ವಸೂಲಾತಿ’ ಇದೆ ಎಂದು ಅದು ಬ್ಯಾಂಕಿನವರ ಆಫೀಸೆಂದು ತಿಳಿದು ಎಷ್ಟೋ ಜನ ಹೋಗುವುದೇ ಇಲ್ಲ. 17ನೇ ಕಲಮಿನಡಿ ಸಾಲಗಾರನ ಅಹವಾಲು ಕೇಳಬೇಕಾದದ್ದೂ ಅಲ್ಲಿಯೇ. ಗಡುವು 45 ದಿನ. ಕಾಗದ ಅಂಟಿಸಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುಂಡು ಸುತ್ತಿ, ಅಲ್ಲಿಂದ ಎಣಿಸಿ. ತಡವಾದರೆ ಮನ್ನಿಸುತ್ತಾರೆ ಎಂಬ ಭರವಸೆಯ ಮೇಲೆ ಮನೆ ಇಡಬೇಡಿ. ಬೀಗ ಬೀಳುವ ತನಕ ಅರ್ಜಿ ಹಾಕುವಂತಿಲ್ಲ ಎಂಬ ವಾದವೂ ಒಂದು ಕಾಲಕ್ಕೆ ಇತ್ತು. 2018ರಲ್ಲಿ ಹಿಂಡನ್ ಫೋರ್ಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಮುಗಿಸಿತು: ಕಾಗದದ ಸ್ವಾಧೀನವಾದರೂ ಸಾಕು, ಮಂಡಳಿಗೆ ಹೋಗಬಹುದು. ನಿಮ್ಮ 15 ಲಕ್ಷ 40 ಸಾವಿರದ ಬಾಕಿಗೆ ಅರ್ಜಿ ಶುಲ್ಕ 6,500 ರೂಪಾಯಿ. 10 ಲಕ್ಷದವರೆಗಿನ ಲೆಕ್ಕಕ್ಕೆ 5,000, ಅದರ ಮೇಲಿನ ಪ್ರತಿ ಲಕ್ಷಕ್ಕೂ ಲಕ್ಷದ ತುಂಡಿಗೂ 250. ವಕೀಲರ ಫೀಸು ಬೇರೆ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಇನ್ನು ಅಲ್ಲಿ ಏನು ಹೇಳಬೇಕು? ‘ಕಷ್ಟದಲ್ಲಿದ್ದೇವೆ’ ಎಂಬುದು ನಿಜ, ಆದರೆ ಅದೊಂದೇ ನಿಲ್ಲುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ನಮ್ಮಿಬ್ಬರ ಹೆಸರಿನಲ್ಲಿ’ ಎಂಬ ಮಾತು. ಸಾಲಗಾರರು ಇಬ್ಬರಿದ್ದರೆ ಬೇಡಿಕೆ ನೋಟಿಸು ಇಬ್ಬರಿಗೂ ಹೋಗಬೇಕು, ನಿಯಮವೇ ಹಾಗಿದೆ. ನಿಮ್ಮ ಹೆಸರಿಗೆ ಹೋಯಿತೇ? ಯಾವ ವಿಳಾಸಕ್ಕೆ? ವಾಸವಿರುವ ಅಥವಾ ವ್ಯಾಪಾರ ಮಾಡುವ ಜಾಗಕ್ಕೆ ಕಳಿಸಬೇಕು. ಯಜಮಾನರು ಬಿಟ್ಟುಕೊಟ್ಟ ಶೆಡ್ಡಿಗೆ ಕಳಿಸಿ, ಲಕೋಟೆ ವಾಪಸು ಬಂದದ್ದನ್ನೇ ‘ತಲುಪಿದೆ’ ಎಂದು ಬರೆದುಕೊಂಡಿದ್ದರೆ ಅದೇ ನಿಮ್ಮ ಮೊದಲ ಆಯುಧ. ಶೆಡ್ಡಿನ ಮಾಲೀಕರಿಂದ ಯಾವ ದಿನ ಖಾಲಿ ಮಾಡಿದಿರೆಂದು ಒಂದು ಚೀಟಿ ಬರೆಸಿಕೊಳ್ಳಿ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ನೋಟಿಸಿನ ಪ್ರತಿಯನ್ನೂ ಅಂಚೆ ಸ್ವೀಕೃತಿಯನ್ನೂ ಕೊಡಿ ಎಂದು ಬ್ಯಾಂಕಿಗೆ ಇವತ್ತೇ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ. ಆದರೆ ಮ್ಯಾನೇಜರು ಕರೆದು ನೋಟಿಸನ್ನು ಕೈಗೆ ಕೊಟ್ಟಿದ್ದು, ನೀವು ಅದನ್ನು ಮರೆತಿದ್ದರೆ, ಈಗಲೇ ನಿಮ್ಮ ವಕೀಲರಿಗೆ ಹೇಳಿಬಿಡಿ. ಮಂಡಳಿಯ ಮುಂದೆ ಅದು ಬ್ಯಾಂಕಿನವರ ಬಾಯಿಂದ ಬಂದರೆ ಮಿಕ್ಕದ್ದನ್ನೂ ಯಾರೂ ನಂಬುವುದಿಲ್ಲ.

ಎರಡನೆಯದು ಲೆಕ್ಕ. ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ. ಯಾವ ದಿನ ಎನ್‌ಪಿಎ ಎಂದು ಬರೆದಿದ್ದಾರೆ, ಆ ದಿನಕ್ಕೆ ನಿಜಕ್ಕೂ 90 ದಿನ ದಾಟಿತ್ತೇ ನೋಡಿ. ದಂಡಬಡ್ಡಿಯ ಮೇಲೂ ಕಣ್ಣಿಡಿ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2024ರ ಏಪ್ರಿಲ್‌ನಿಂದ ಹೊಸ ಸಾಲಗಳಿಗೆ, ಅದೇ ಜೂನ್ ಮುಗಿಯುವುದರೊಳಗೆ ಹಳೆಯ ಸಾಲಗಳಿಗೂ, ದಂಡವನ್ನು ಬಡ್ಡಿಯೊಳಗೆ ಸೇರಿಸಿ ಅದಕ್ಕೆ ಮತ್ತೆ ಬಡ್ಡಿ ಹಾಕುವ ಪದ್ಧತಿ ನಿಲ್ಲಬೇಕಿತ್ತು. ನಿಂತಿದೆಯೇ ಎಂದು ತಿಳಿಯಲು ಕ್ಯಾಲ್ಕುಲೇಟರ್ ಹಿಡಿದು ಒಂದು ಸಂಜೆ ಕೂರಬೇಕು. ಓದಿದ ಮಕ್ಕಳಿದ್ದರೆ ಕೂರಿಸಿ.

ಮೂರನೆಯದು ಹಣ. ಬರಿಗೈಯಲ್ಲಿ ಹೋದವರಿಗೆ ಮಂಡಳಿ ತಡೆಯಾಜ್ಞೆ ಕೊಡುವುದು ಅಪರೂಪ. ಬಾಕಿಯ ಒಂದು ಪಾಲು ಕಟ್ಟಿ ಬನ್ನಿ ಎನ್ನುವುದೇ ವಾಡಿಕೆ. ನಿಂತಿರುವ ಏಳು ಕಂತು ಸೇರಿದರೆ 1,17,600, ಜೊತೆಗೆ ದಂಡ ಮತ್ತು ಖರ್ಚು. 15 ಲಕ್ಷ ಎಂಬ ಅಂಕಿ ನೋಡಿ ನೀವು ಕಂಗಾಲಾಗಿದ್ದೀರಿ. ನಿಜವಾಗಿ ಮೊದಲು ಹೊಂದಿಸಬೇಕಾದದ್ದು ಈ ಒಂದೂಕಾಲು ಲಕ್ಷದ ಆಸುಪಾಸು. ನಿಂತ ಬಾಕಿಯೆಲ್ಲ ಪೂರ್ತಿ ಸಂದಾಯವಾದರೆ ಖಾತೆಯನ್ನು ಎನ್‌ಪಿಎಯಿಂದ ಮೇಲೆತ್ತಲು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ದಾರಿ ಇದೆ. ಒಂದೊಂದೇ ಕಂತು ಹಾಕಿದರೆ ಮೇಲೇಳುವುದಿಲ್ಲ, ಪೂರ್ತಿ ಸಲ್ಲಬೇಕು. ಸಾಲವನ್ನು ಒಮ್ಮೆ ಪೂರ್ತಿ ವಾಪಸು ಕೇಳಿದ ಮೇಲೆ ಬ್ಯಾಂಕು ಇದಕ್ಕೆ ಒಪ್ಪಲೇಬೇಕೆಂದಿಲ್ಲ. ಆದರೆ ಮಾಮೂಲಿ ಮನೆ ಸಾಲಗಳಲ್ಲಿ ಒಪ್ಪುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಮನೆ ಹರಾಜು ಹಾಕುವ ತಲೆನೋವು ಅವರಿಗೂ ಬೇಡ.

ನೆನಪಿಡಬೇಕಾದ ಇನ್ನೊಂದು ದಿನವಿದೆ. ಪೂರ್ತಿ ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಮೊದಲೆಲ್ಲ ಹರಾಜಿನ ಹೊತ್ತಿನವರೆಗೂ ಇತ್ತು. 2016ರ ತಿದ್ದುಪಡಿಯ ಮೇಲೆ ಹಾಗಿಲ್ಲ, ಹರಾಜಿನ ಪ್ರಕಟಣೆ ಹೊರಬೀಳುವ ಮುಂಚೆಯೇ ಹಣ ಮುಂದಿಡಬೇಕು. 2023ರಲ್ಲಿ ಸೆಲಿರ್ ಮತ್ತು ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿದೆ. ‘ಹರಾಜಿನ ದಿನ ಹೋಗಿ ಕಟ್ಟಿದರಾಯಿತು’ ಎನ್ನುವ ಹಳೆಯ ಸಲಹೆಗಾರರು ನಮ್ಮ ಊರಿನಲ್ಲಿ ಇನ್ನೂ ಇದ್ದಾರೆ, ಎಚ್ಚರ.

ಮಂಡಳಿಯಲ್ಲಿ ಸೋತರೆ 30 ದಿನದೊಳಗೆ ಚೆನ್ನೈನ ಮೇಲ್ಮನವಿ ಮಂಡಳಿಗೆ ಹೋಗಬಹುದು. ಅಲ್ಲಿ ಬಾಗಿಲಲ್ಲೇ ಬಾಕಿಯ ಅರ್ಧ ಕಟ್ಟಬೇಕು. ಮಂಡಳಿ ಮನಸ್ಸು ಮಾಡಿದರೂ ಕಾಲು ಭಾಗಕ್ಕಿಂತ ಕೆಳಗಿಳಿಸುವಂತಿಲ್ಲ. ಆದ್ದರಿಂದ ನಿಮ್ಮ ಮಟ್ಟಿಗೆ ಬೆಂಗಳೂರೇ ಕೊನೆಯ ನಿಲ್ದಾಣ ಎಂದುಕೊಂಡು ತಯಾರಾಗಿ. ಬಾಗಿಲ ಕಾಗದವನ್ನು ಕಿತ್ತುಹಾಕಬೇಡಿ. ಅದರ ಫೋಟೊ ತೆಗೆದಿಡಿ. ಪೇಪರಿನ ಕತ್ತರಿಕೆಯನ್ನೂ ಇಟ್ಟುಕೊಳ್ಳಿ. ಸ್ವಾಧೀನದ ನೋಟಿಸು ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಕನ್ನಡದ್ದಾಗಿರಬೇಕು. ಬೀದಿಯವರು ಓದಿದರಲ್ಲ ಎಂದು ನೊಂದಿದ್ದೀರಿ. ಓದಲಿ ಬಿಡಿ, ನಾಳೆ ಆ ಕತ್ತರಿಕೆಯ ತಾರೀಖೇ ನಿಮಗೆ ಬೇಕಾಗಬಹುದು.

ಪ್ರಶ್ನೆ: ಬ್ಯಾಂಕಿನಿಂದ 13(2) ಎಂದು ಬರೆದ ದಪ್ಪ ಲಕೋಟೆ ಬಂದಿದೆ. ಉತ್ತರ ಕೊಟ್ಟರೆ ಸಾಲ ಒಪ್ಪಿಕೊಂಡಂತಾಗುತ್ತದೆ, ಸುಮ್ಮನಿರು ಎಂದು ಭಾವ ಹೇಳುತ್ತಾರೆ.
– ಕಿರಾಣಿ ವ್ಯಾಪಾರಿ, ಮಧುಗಿರಿ

ಉತ್ತರ: ಭಾವನಿಗೆ ನನ್ನ ನಮಸ್ಕಾರ ತಿಳಿಸಿ, ಮಾತು ಮಾತ್ರ ಕೇಳಬೇಡಿ. ಸಾಲ ತೆಗೆದದ್ದು ಗುಟ್ಟೇನಲ್ಲ, ನಿಮ್ಮ ಸಹಿ ಬ್ಯಾಂಕಿನಲ್ಲಿದೆ. ನಿಮ್ಮ ತಕರಾರನ್ನು 60 ದಿನದೊಳಗೆ ಬರೆದು ಕೊಟ್ಟರೆ 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡುವುದು ಬ್ಯಾಂಕಿಗೆ ಕಡ್ಡಾಯ. 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪಿನ ಫಲವಾಗಿ ಕಾಯ್ದೆಗೆ ಸೇರಿದ ಕಲಮು ಅದು, 13(3ಎ). ಬ್ಯಾಂಕಿನ ಪ್ಯಾನಲ್ಲಿನಲ್ಲಿದ್ದಾಗ ನಮಗೆ ನಿಜವಾಗಿ ಕಿರಿಕಿರಿಯಾಗುತ್ತಿದ್ದದ್ದು ಈ ಒಂದು ಪುಟದ ತಕರಾರು ಪತ್ರವೇ. ಬೇರೆ ಫೈಲುಗಳು ಯಂತ್ರದಂತೆ ಮುಂದಕ್ಕೆ ಹೋಗುತ್ತಿದ್ದವು, ಇದಕ್ಕೆ ಮಾತ್ರ ಯಾರಾದರೂ ಕೂತು ಓದಿ ಉತ್ತರ ಬರೆಯಬೇಕಿತ್ತು.

ಮಧುಗಿರಿ ಎಂದ ಕೂಡಲೇ ನೆನಪಾಯಿತು, ನಾನೂ ಅಲ್ಲಿಯವನೇ. ನಮ್ಮಪ್ಪ ಯಾರದೋ ಸಾಲಕ್ಕೆ ಜಾಮೀನು ನಿಂತಿದ್ದರು. ಅದರ ನೋಟಿಸು ಬಂದಾಗ ಅಮ್ಮ ಹೆದರಿ ಅದನ್ನು ರಾಗಿ ಡಬ್ಬದ ತಳದಲ್ಲಿ ಬಚ್ಚಿಟ್ಟರು. ಅಪ್ಪನಿಗೆ ಗೊತ್ತಾದದ್ದು ಅಮೀನ ಬಂದು ಬಾಗಿಲು ಬಡಿದ ದಿನ. ನಾನು ಕಾನೂನು ಓದಿದ್ದಕ್ಕೆ ಆ ಡಬ್ಬವೂ ಒಂದು ಕಾರಣ. ನಿಮ್ಮ ಲಕೋಟೆಯ ಮೇಲಿನ ತಾರೀಖು ನೋಡಿ ಈ ವಾರವೇ ಬರೆಯಿರಿ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಎಷ್ಟು ಕಟ್ಟಿದ್ದೀರಿ, ಯಾವುದು ಲೆಕ್ಕಕ್ಕೆ ಬಂದಿಲ್ಲ, ಉಳಿದದ್ದನ್ನು ಯಾವ ತಿಂಗಳಿಂದ ಹೇಗೆ ಕಟ್ಟುತ್ತೀರಿ, ಇಷ್ಟಿದ್ದರೆ ಸಾಕು. ಒಟಿಎಸ್, ಅಂದರೆ ಒಂದೇ ಸಲಕ್ಕೆ ರಾಜಿಯಲ್ಲಿ ತೀರಿಸುವ ಅವಕಾಶ, ಕೇಳಬೇಕೆಂದಿದ್ದರೆ ಕೇಳಿ, ಆದರೆ ಅದು ಹಕ್ಕಲ್ಲ, ಬ್ಯಾಂಕಿನ ಮರ್ಜಿ. 2021ರಲ್ಲಿ ಸುಪ್ರೀಂ ಕೋರ್ಟೇ ಹಾಗೆಂದಿದೆ.

ಪ್ರಶ್ನೆ: ಮಗ ಕೊಬ್ಬರಿ ವ್ಯಾಪಾರಕ್ಕೆ ಸಾಲ ತೆಗೆಯುವಾಗ ನನ್ನ ಎರಡು ಎಕರೆ ತೆಂಗಿನ ತೋಟವನ್ನೂ ತೋಟದ ಮನೆಯನ್ನೂ ಅಡವಿಟ್ಟೆ. ಈಗ ಎರಡಕ್ಕೂ ನೋಟಿಸು ಬಂದಿದೆ. ಪಹಣಿಯಲ್ಲಿ ತೆಂಗು ಎಂದೇ ಇದೆ.
– ರೈತ, ತಿಪಟೂರು ತಾಲ್ಲೂಕು

ಉತ್ತರ: ನಿಮ್ಮದು ಗಟ್ಟಿ ಕೇಸು. ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಅನ್ವಯಿಸದು, 31ನೇ ಕಲಮು ಹಾಗೆನ್ನುತ್ತದೆ. ಸಾಲ ವ್ಯಾಪಾರದ್ದಾದರೂ ನೋಡುವುದು ಜಮೀನು ಎಂಥದ್ದು ಎಂದು. ಆದರೆ ಪಹಣಿಯೊಂದನ್ನೇ ನೆಚ್ಚಬೇಡಿ. 2018ರ ಪಪ್ಪಿರೆಡ್ಡಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಂದಾಯ ದಾಖಲೆಯಲ್ಲಿ ಕೃಷಿ ಎಂದಿದ್ದರೆ ಸಾಲದು, ಅಡವಿಡುವಾಗ ಅಲ್ಲಿ ನಿಜಕ್ಕೂ ಏನು ನಡೆಯುತ್ತಿತ್ತು, ಎರಡೂ ಕಡೆಯವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನೂ ನೋಡಬೇಕೆಂದಿತು. ಕಾಯಿ ಮಾರಿದ ಚೀಟಿ, ಕೊಳವೆಬಾವಿಯ ಕರೆಂಟ್ ಬಿಲ್ಲು, ಮರಗಳ ಫೋಟೊ, ಎಲ್ಲ ಒಟ್ಟುಮಾಡಿ. ತೋಟದ ಒಂದು ಮೂಲೆಯನ್ನಾದರೂ ಹಿಂದೆ ಅನ್ಯಕ್ರಾಂತ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿದ್ದರೆ ಆ ಮೂಲೆಗೆ ಈ ರಕ್ಷಣೆ ಸಿಗುವುದು ಕಷ್ಟ. ಮನೆ ಯಾವ ಸರ್ವೆ ನಂಬರಿನಲ್ಲಿದೆ, ಪಂಚಾಯ್ತಿಯಿಂದ ಬೇರೆ ಖಾತೆ ಆಗಿದೆಯೇ ಎಂಬುದನ್ನು ನೀವು ಬರೆದಿಲ್ಲ. ಅದರ ಮೇಲೆ ಮನೆಯ ಭವಿಷ್ಯ ನಿಂತಿದೆ.

ಇದರಿಂದ ಸಾಲ ಮಾತ್ರ ಕರಗುವುದಿಲ್ಲ, ಯಜಮಾನರೇ. ಬ್ಯಾಂಕು ದಾವೆ ಹಾಕಿ ವಸೂಲಿಗೆ ಬರಬಹುದು. ಬಾಕಿ 20 ಲಕ್ಷ ಮುಟ್ಟಿದ್ದರೆ ಡಿಆರ್‌ಟಿಯಲ್ಲಿ, ಕೆಳಗಿದ್ದರೆ ಸಿವಿಲ್ ಕೋರ್ಟಿನಲ್ಲಿ. ನಿಮಗೆ ಸಿಗುವುದು ಸಮಯ. ಕೊಬ್ಬರಿಗೆ ಬೆಲೆ ಬಂದ ವರ್ಷ ಮಗನಿಂದ ಮೊದಲು ಬ್ಯಾಂಕಿಗೆ ಕಟ್ಟಿಸಿ.

ಪ್ರಶ್ನೆ: ಎಸ್.ಎಸ್.ಪುರಂನಲ್ಲಿ 6 ಲಕ್ಷಕ್ಕೆ ಭೋಗ್ಯಕ್ಕೆ ಇದ್ದೇವೆ. 11 ತಿಂಗಳ ಕರಾರು, ಮೂರು ಸಲ ಛಾಪಾ ಕಾಗದದ ಮೇಲೆ ಮುಂದುವರಿಸಿದ್ದೇವೆ, ನೋಂದಣಿ ಆಗಿಲ್ಲ. ಮಾಲೀಕರ ಸಾಲಕ್ಕೆ ಬ್ಯಾಂಕಿನವರು ಮನೆ ಖಾಲಿ ಮಾಡಿ ಎನ್ನುತ್ತಿದ್ದಾರೆ. ನಮ್ಮ 6 ಲಕ್ಷ?
– ಖಾಸಗಿ ಶಾಲೆಯ ಶಿಕ್ಷಕಿ

ಉತ್ತರ: ಈ ಪತ್ರಕ್ಕೆ ಸಿಹಿ ಉತ್ತರ ನನ್ನಲ್ಲಿಲ್ಲ. ಬಾಡಿಗೆದಾರರೂ ಡಿಆರ್‌ಟಿಗೆ ಹೋಗಬಹುದು, 2016ರಿಂದ ಅದಕ್ಕೆಂದೇ ಕಲಮಿದೆ. ಆದರೆ ಅಲ್ಲಿ ಕೇಳುವ ಪ್ರಶ್ನೆಗಳು ಎರಡು. ನೀವು ಬಂದದ್ದು ಬ್ಯಾಂಕಿಗೆ ಅಡವಿಡುವ ಮೊದಲೋ ಆಮೇಲೋ? ಕರಾರು ನೋಂದಣಿಯಾಗಿದೆಯೇ? ಮಾಲೀಕರಿಗೆ 13(2)ರ ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಬರೆದ ಕರಾರು ನಿಲ್ಲದು. ನೋಂದಣಿಯಿಲ್ಲದ ಕರಾರಿನವರಿಗೆ 2019ರ ಬಜರಂಗ್ ಅಗರ್ವಾಲ್ ತೀರ್ಪು ಹೆಚ್ಚು ಆಸರೆ ಕೊಟ್ಟಿಲ್ಲ. ಮನೆ ಉಳಿಸಿಕೊಳ್ಳುವ ಹೋರಾಟಕ್ಕಿಂತ ಹಣದ ಹಿಂದೆ ಬೀಳಿ. ಮಾಲೀಕರ ಮೇಲೆ ವಸೂಲಿ ದಾವೆ ಹಾಕಿ. ಸಾಲ ಸುಸ್ತಿಯಾಗಿದ್ದನ್ನು ಮುಚ್ಚಿಟ್ಟು ಹಣ ತೆಗೆದುಕೊಂಡಿದ್ದರೆ ಪೊಲೀಸ್ ದೂರಿಗೂ ಜಾಗವಿದೆ. ಖಾಲಿ ಮಾಡಲು ಎರಡು ತಿಂಗಳು ಕೊಡಿ ಎಂದು ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಬರೆಯಿರಿ, ಕೊಟ್ಟದ್ದುಂಟು.

ಭೋಗ್ಯಕ್ಕೆ ಹಣ ಸುರಿಯುವ ಮೊದಲು ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ ನೋಡಬೇಕು. ತುಮಕೂರಿನಲ್ಲಿ ಇದನ್ನು ಮಾಡುವವರನ್ನು ಬೆರಳಲ್ಲಿ ಎಣಿಸಬಹುದು.

ಪ್ರಶ್ನೆ: ಅಪ್ಪನ ಕಾಲದ ಮನೆಯನ್ನು ಅಣ್ಣ ಒಬ್ಬನೇ ಅಡವಿಟ್ಟಿದ್ದಾನೆ. ನನ್ನ ಸಹಿ ಇಲ್ಲ. ಬ್ಯಾಂಕು ಹರಾಜಿಗೆ ಹೊರಟಿದೆ.
– ಒಬ್ಬ ತಂಗಿ, ಕುಣಿಗಲ್

ಉತ್ತರ: ಮೇಲೆ ಹೇಳಿದ 34ರ ಬೀಗ ಸಾಲಗಾರರಿಗೆ. ನೀವು ಸಾಲಗಾರಳಲ್ಲ, ಪಾಲುದಾರಳು. ಇಂಥವರ ಹಕ್ಕಿನ ಪ್ರಶ್ನೆಯನ್ನು ಸಿವಿಲ್ ಕೋರ್ಟು ವಿಚಾರಿಸಬಹುದೆಂದು 2025ರ ಜನವರಿಯಲ್ಲಿ ಪ್ರಭಾ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ಬ್ಯಾಂಕನ್ನೂ ಪ್ರತಿವಾದಿ ಮಾಡಿ ಕುಣಿಗಲ್ಲಿನಲ್ಲೇ ಪಾಲಿನ ದಾವೆ ಹಾಕಿ. ಮನೆ ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬುದು 2020ರ ವಿನೀತಾ ಶರ್ಮಾ ತೀರ್ಪಿನ ಮೇಲೆ ಇತ್ಯರ್ಥವಾಗಿದೆ. ಅದಕ್ಕೆ ಮೊದಲು ಒಂದು ನೆನಪು ಮಾಡಿಕೊಳ್ಳಿ: ಮದುವೆಯ ಹೊತ್ತಿಗೋ ಅಪ್ಪನ ತಿಥಿ ಮುಗಿದ ಮೇಲೋ ‘ಒಂದು ಸಹಿ ಅಷ್ಟೇ’ ಎಂದು ಅಣ್ಣ ನಿಮ್ಮನ್ನು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿದ್ದನೇ? ಹಕ್ಕು ಬಿಡುಗಡೆ ಪತ್ರವೊಂದು ಹೊರಬಿದ್ದರೆ ದಾವೆಯ ದಿಕ್ಕೇ ಬೇರೆ. ಅರಿಶಿನ ಕುಂಕುಮದ ಜೊತೆ ಬರೆಸಿಕೊಂಡ ಅಂಥ ಪತ್ರಗಳು ನನ್ನ ಬೀರುವಿನಲ್ಲೇ ಒಂದು ಕಟ್ಟಿವೆ.

ಪ್ರಶ್ನೆ: ಮೈಕ್ರೊಫೈನಾನ್ಸ್ ಕಾನೂನು ಬಂದ ಮೇಲೆ ಬ್ಯಾಂಕಿನವರೂ ಮನೆ ಬಾಗಿಲಿಗೆ ಬರುವಂತಿಲ್ಲವಂತೆ, ನಿಜವೇ? ರಾತ್ರಿ ಒಂಬತ್ತಕ್ಕೆಲ್ಲ ಫೋನು ಮಾಡುತ್ತಾರೆ.
– ಆಟೊ ಚಾಲಕ, ಶಿರಾ

ಉತ್ತರ: ನಿಜವಲ್ಲ. 2025ರಲ್ಲಿ ರಾಜ್ಯ ತಂದ ಕಾನೂನು ಸಾಲ ಮನ್ನಾ ಮಾಡುವುದು ನೋಂದಣಿಯಿಲ್ಲದ, ಪರವಾನಗಿಯಿಲ್ಲದ ಲೇವಾದೇವಿಯವರದ್ದನ್ನು. ನಿಮ್ಮ ಮನೆ ಸಾಲದ ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಫೋನಿನ ಮಾತು ಬೇರೆ. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಕರೆಯ ದಾಖಲೆ ಇಟ್ಟುಕೊಂಡು ಮೊದಲು ಬ್ಯಾಂಕಿಗೆ ಬರೆಯಿರಿ. 30 ದಿನದಲ್ಲಿ ಸಮಾಧಾನ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಖರ್ಚಿಲ್ಲ.

ಪ್ರಶ್ನೆ: ಸಾಲ ಕೊಟ್ಟದ್ದು ಬ್ಯಾಂಕಲ್ಲ, ನಮ್ಮೂರ ಪತ್ತಿನ ಸಹಕಾರ ಸಂಘ. ಅವರೂ ಹೀಗೆ ಅಂಟಿಸಬಹುದೇ?
– ಗುಬ್ಬಿ

ಉತ್ತರ: ಇಲ್ಲ. ಸಹಕಾರಿ ಬ್ಯಾಂಕುಗಳಿಗೆ ಸರ್ಫೇಸಿ ಅನ್ವಯಿಸುತ್ತದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು, ಬ್ಯಾಂಕಿನ ಪರವಾನಗಿಯಿಲ್ಲದ ಪತ್ತಿನ ಸಂಘಕ್ಕೆ ಆ ಬಲವಿಲ್ಲ. ಅವರು 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡಿ ಐತೀರ್ಪು ಪಡೆದೇ ಜಾರಿಗೆ ಬರಬೇಕು. ಆ ದಾವೆಯ ನೋಟಿಸು ಬಂದಾಗ ಹಾಜರಾಗಿ. ಬಹಳ ಜನ ಅಲ್ಲೇ ಗೈರಾಗಿ ಕೆಡುತ್ತಾರೆ.

ಪ್ರಶ್ನೆ: ಹರಾಜಿನಲ್ಲಿ ಸಾಲಕ್ಕಿಂತ ಹೆಚ್ಚು ಬಂದರೆ?
– ಪಾವಗಡ

ಉತ್ತರ: ಬಾಕಿ, ಖರ್ಚು ಕಳೆದು ಮಿಕ್ಕದ್ದು ನಿಮ್ಮದು. ಲೆಕ್ಕ ಕೊಡಿ ಎಂದು ಬರೆದು ಕೇಳಿ, ತಾನಾಗಿ ಯಾರೂ ಮನೆಗೆ ತಂದುಕೊಡುವುದಿಲ್ಲ. ಕಡಿಮೆ ಬಂದರೆ ಉಳಿದ ಬಾಕಿಯೂ ನಿಮ್ಮದೇ. ಆದ್ದರಿಂದ ಮೀಸಲು ಬೆಲೆ ತೀರ ಕಡಿಮೆ ಇಟ್ಟಿದ್ದರೆ ಹರಾಜಿಗೆ ಮೊದಲೇ ತಕರಾರು ಹಾಕಿ.

ಕೊರಟಗೆರೆಯಿಂದ ಮೂಲ ಕ್ರಯಪತ್ರವನ್ನೇ ಲಕೋಟೆಯಲ್ಲಿಟ್ಟು ಕಳಿಸಿದ ಓದುಗರಿಗೆ: ಅದನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸು ಕಳಿಸಿದ್ದೇನೆ. ತಲುಪಿದ ಕೂಡಲೇ ಒಂದು ಸಾಲು ಬರೆಯಿರಿ. ಮುಂದೆ ಜೆರಾಕ್ಸ್ ಸಾಕು.